ಎರಡು ಪೌಂಡಿನ ನಾನು

ಲೇಖನ ಕೊಡುತ್ತೇನೆಂದು ಒಪ್ಪಿಕೊಂಡವರು ಕೊಡದೇ ಇರುವುದು ಒಂದು ಬಗೆಯ ಕಷ್ಟ. ಅದಕ್ಕೆ ಸ್ಮರಣ ಸಂಚಿಕೆಗಳ ಸಂಪಾದಕರು ಹಿಂದಿನಿಂದಲೂ ಒಗ್ಗಿಕೊಂಡಿದ್ದಾರೆ. ಫೋನು ಮಾಡುತ್ತಾರೆ, ಮನೆಗೆ ಹೋಗಿ ಕಾಫಿ ಕುಡಿದು ಬರುತ್ತಾರೆ, ಏನೂ ಗಿಟ್ಟದಿದ್ದರೆ ತಾವೇ ಬರೆದು ಅವರ ಹೆಸರು ಹಾಕುತ್ತಾರೆ. ಹೇಳಿದ ದಿನಕ್ಕೆ ಸರಿಯಾಗಿ ಲೇಖನ ಬಂದೂ ಅದರಲ್ಲಿ ಒಂದಕ್ಷರ ಓದಲಾಗದಿರುವುದು ಇನ್ನೊಂದು ಬಗೆ. ಇದು ಹೊಸ ಕಾಲದ್ದು. ಕಾಫಿಯಿಂದ ಇದಕ್ಕೆ ಪರಿಹಾರವಿಲ್ಲ.

ನಾವು ಓದಿದ ಹೈಸ್ಕೂಲಿಗೆ ಐವತ್ತು ತುಂಬಿತೆಂದು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸಂಚಿಕೆ ತರುವುದೆಂದು ತೀರ್ಮಾನವಾದಾಗ ಸಂಪಾದಕನ ಕೆಲಸ ನನ್ನ ತಲೆಗೆ ಬಂತು. ನನ್ನ ಸಾಹಿತ್ಯಸೇವೆಯನ್ನು ಯಾರೂ ಮೆಚ್ಚಿರಲಿಲ್ಲ. ಆ ಸಭೆಗೆ ಲ್ಯಾಪ್‌ಟಾಪ್ ತಂದವನು ನಾನೊಬ್ಬನೇ ಆಗಿದ್ದೆ. "ಎಲ್ಲಾ ಇಮೇಲ್‌ಗೆ ಕಳಿಸಿಬಿಡ್ರಪ್ಪ, ಇವ್ನು ನೋಡ್ಕೋತಾನೆ" ಎಂದು ಖಜಾಂಚಿ ಘೋಷಿಸಿದ. ಕಳಿಸಿದರು. ಮೊದಲು ಬಂದದ್ದೇ ನಮ್ಮ ಕನ್ನಡ ಮೇಷ್ಟ್ರ ಲೇಖನ. ತೆರೆದರೆ ಪುಟದ ತುಂಬ ಎ. ಸಾದಾ ಎ ಅಲ್ಲ, ತಲೆಯ ಮೇಲೆ ಓರೆಗೀಟು ಹೊತ್ತ ಎ. ಅವುಗಳ ನಡುನಡುವೆ ಪೌಂಡು, ಯೆನ್ನು, ಪ್ಲಸ್ಸು ಮೈನಸ್ಸು, ಕಾಲು, ಅರ್ಧ. ಶಾಲೆಯ ನೆನಪು ಕೇಳಿದರೆ ವಿದೇಶಿ ವಿನಿಮಯದ ಲೆಕ್ಕ ಬಂದಿತ್ತು.

ಫೋನು ಮಾಡಿದೆ.

"ಮೇಷ್ಟ್ರೇ, ನಿಮ್ಮ ಲೇಖನ ಓದೋಕಾಗ್ತಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅಷ್ಟೊಂದು ಕೆಟ್ಟದಾಗಿದೆಯೇನಯ್ಯಾ?"

"ಅಯ್ಯೋ, ಹಾಗಲ್ಲ ಸಾರ್. ಅಕ್ಷರಾನೇ ಬಂದಿಲ್ಲ. ಬರೀ ಇಂಗ್ಲಿಷು, ಏನೇನೋ ಚಿಹ್ನೆ."

"ನಾನ್ಯಾಕಯ್ಯಾ ಇಂಗ್ಲಿಷಲ್ಲಿ ಬರೀಲಿ? ಇಲ್ಲಿ ಚೆನ್ನಾಗೇ ಕಾಣ್ತಿದೆಯಲ್ಲ!"

'ಇಲ್ಲಿ ಚೆನ್ನಾಗೇ ಕಾಣ್ತಿದೆಯಲ್ಲ' ಎಂಬುದು ಈ ವ್ಯವಹಾರದ ಮೂಲಮಂತ್ರ. ಲೇಖನ ಕಳಿಸಿದವರೆಲ್ಲ ಇದನ್ನು ಹೇಳಿದರು, ಒಬ್ಬಿಬ್ಬರು ಸ್ವಲ್ಪ ಜೋರಾಗಿಯೇ ಹೇಳಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಅಲ್ಲಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಯಾಕೆಂದರೆ ಕನ್ನಡ ಇರುವುದು ಅವರ ಮನೆಯ ಕಂಪ್ಯೂಟರಿನಲ್ಲಿ. ಅವರು ಕಳಿಸಿದ ಫೈಲಿನಲ್ಲಿ ಕನ್ನಡ ಇಲ್ಲವೇ ಇಲ್ಲ.

ಇದನ್ನು ಮೇಷ್ಟ್ರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೇ ಒಂದು ಪಾಠವಾಯಿತು. ಹಳೆಯ ಕಾಲದ ಫಾಂಟೊಂದರಲ್ಲಿ ಇದ್ದದ್ದು 256 ಜಾಗ. ಅದರಲ್ಲಿ ಇಂಗ್ಲಿಷಿನವರು, ಯುರೋಪಿನವರು ಮೊದಲೇ ಬಂದು ಕೂತಾಗಿತ್ತು. ನಮ್ಮದೋ, ಕಾಗುಣಿತಕ್ಕೆ ಒತ್ತಕ್ಷರಗಳನ್ನು ಸೇರಿಸಿದರೆ ಸಾವಿರಗಟ್ಟಲೆ ರೂಪಗಳು. ಹಾಗಾಗಿ ಅಕ್ಷರಗಳನ್ನು ಬಿಡಿಭಾಗ ಮಾಡಿದರು: ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ, ಕೆಳಗಿನ ಮೈ ಬೇರೆ. ಮಾಡಿ, ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಕನ್ನಡದ ಒಂದೊಂದು ಭಾಗದ ವೇಷ ಕಟ್ಟಿದರು. ಯಕ್ಷಗಾನದ ಚೌಕಿಯಲ್ಲಿ ನಡೆಯುವ ಕೆಲಸವೇ ಇದು. ಪಿ ಎಂಬ ಕಲಾವಿದ ವೇಷ ಹಾಕಿ ರಂಗಸ್ಥಳಕ್ಕೆ ಬಂದರೆ ನೋಡುವವರಿಗೆ ಕಾಣುವುದು ಕ. ವೇಷದ ಪೆಟ್ಟಿಗೆಯೇ ಫಾಂಟು. ಕಲಾವಿದರನ್ನಷ್ಟೇ ಬಸ್ಸು ಹತ್ತಿಸಿ ಪೆಟ್ಟಿಗೆಯನ್ನು ಊರಲ್ಲೇ ಬಿಟ್ಟರೆ ಇಲ್ಲಿ ಬಂದಿಳಿಯುವುದು ಲುಂಗಿ ಉಟ್ಟ ಪಿ, ಕ್ಯೂ ಮತ್ತು ಎ.

ಒಂದು ದಿನ ಕೂತು ಈ ವೇಷಗಳ ಲೆಕ್ಕ ಹಾಕಿದೆ. ಬೇರೆ ಕೆಲಸ ಇರಲಿಲ್ಲವೆಂದಲ್ಲ, ಇತ್ತು. ಮೇಷ್ಟ್ರು ಬಳಸಿದ್ದ ನುಡಿ ಎಂಬ ಫಾಂಟಿನಲ್ಲಿ 'ಕನ್ನಡ' ಎಂದು ಬರೆದು ವೇಷ ಕಳಚಿದರೆ ಹೀಗೆ ಬರುತ್ತದೆ: ದೊಡ್ಡ ಪಿ, ಓರೆಗೀಟಿನ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೂ ಅದೇ ಎ. ಆ ಓರೆಗೀಟಿನ ಎ ಬೇರೆ ಯಾರೂ ಅಲ್ಲ, ನಮ್ಮ ತಲೆಕಟ್ಟು. ಪುಟದ ತುಂಬ ಅದೇ ಯಾಕೆ ಕುಣಿಯುತ್ತಿತ್ತೆಂದು ಆಗ ತಿಳಿಯಿತು. ಕನ್ನಡದಲ್ಲಿ ತಲೆಕಟ್ಟಿಲ್ಲದೆ ಎಷ್ಟು ದೂರ ಹೋಗಲಾದೀತು?

ಪೌಂಡ್ ಎಂದರೆ ನ. ಯೆನ್ ಎಂದರೆ ಪ. ಹಾಗಾಗಿ 'ನಾನು' ಎಂದು ಬರೆದವನು ಎರಡು ಪೌಂಡು ಬಾಳುತ್ತಾನೆ. 'ಅಪ್ಪ'ನ ಹತ್ತಿರ ಒಂದೇ ಯೆನ್; ಅಮ್ಮನ ಹತ್ತಿರ ಅದೂ ಇಲ್ಲ, ಅದು ನಮ್ಮ ಮನೆಗಳ ವಾಸ್ತವಕ್ಕೆ ಹತ್ತಿರವಾಗಿಯೇ ಇದೆ. 'ನೆನಪು' ಎಂಬುದಕ್ಕೆ ಎರಡು ಪೌಂಡೂ ಒಂದು ಯೆನ್ನೂ ತಗಲುತ್ತದೆ, ಸ್ಮರಣ ಸಂಚಿಕೆಯ ಖರ್ಚು ಯಾಕೆ ಏರುತ್ತದೆಂದು ಖಜಾಂಚಿಗೆ ಹೇಳಬಹುದು. ಳ ಎಂದರೆ ಕಾಲು, ಳಿ ಎಂದರೆ ಅರ್ಧ. ಬೆಂಗಳೂರಿನ ನಡುವೆ ಕಾಲು ಸಿಕ್ಕಿಕೊಂಡಿದೆ. ಹಳ್ಳಿಗಾದರೋ ಅರ್ಧ ಪಾಲು ಸಿಕ್ಕಿದೆ. ಯಾವ ಬಜೆಟ್ಟಿನಲ್ಲೂ ಆಗದ ನ್ಯಾಯ ಫಾಂಟಿನಲ್ಲಿ ಆಗಿದೆ. ನನಗೆ ತುಂಬ ಹಿಡಿಸಿದ್ದು 'ಸಾಲ'. ಅದರ ಲ ಎಂದರೆ ವೃತ್ತದೊಳಗಿನ ಆರ್, ಅಂದರೆ ನೋಂದಾಯಿತ ಮುದ್ರೆ. ಸಾಲ ಎಂದು ಬರೆದ ಕೂಡಲೇ ರಿಜಿಸ್ಟರ್ ಆಗಿಬಿಡುತ್ತದೆ.

ಮ ಎಂಬ ಅಕ್ಷರ ಅಲ್ಲಿ ಒಂದಲ್ಲ, ಮೂರು ತುಂಡು: ವದ ಮೈ, ತಲೆಕಟ್ಟು, ಪಕ್ಕದಲ್ಲೊಂದು ಕೊಂಬು. ಯ ಬರೆಯಲು ನಾಲ್ಕು ಬೇಕು. ಮೊದಲನೆಯದು ಒಂದು ಸೊನ್ನೆ. ಸ್ಲೇಟಿನ ಮೇಲೆ ಮಕ್ಕಳು ಯ ತಿದ್ದುವುದೂ ಹಾಗೆಯೇ ಅಲ್ಲವೆ, ಸೊನ್ನೆ ಸುತ್ತಿ ಆಮೇಲೆ ಮುಂದಕ್ಕೆ. ಈ ಫಾಂಟು ಮಾಡಿದವರು ಅಕ್ಷರವನ್ನು ಕೈಬರಹದವರ ಕಣ್ಣಿನಿಂದ ನೋಡಿದ್ದಾರೆ ಎನ್ನಿಸಿ ಅವರ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ಉಲ್ಟಾ ಆಟವೂ ಉಂಟು. ಇಂಗ್ಲಿಷಿನ ಮಾತಿಗೆ ಯಾರಾದರೂ ಕೈತಪ್ಪಿ ನುಡಿ ಫಾಂಟು ಹಚ್ಚಿದರೆ ಅದು ಕನ್ನಡದ ವೇಷ ಹಾಕಿಕೊಂಡು ಬರುತ್ತದೆ. ದೊಡ್ಡಕ್ಷರದಲ್ಲಿ 'ನೋ' ಎಂದು ಬರೆದರೆ ಕಾಣುವುದು 'ಓಔ'. 'ಹಲೋ' ಎಂದರೆ 'ಊಇಐಐಔ'. ತೊಟ್ಟಿಲ ಕೂಸೊಂದು ಆಗಷ್ಟೇ ಎದ್ದಂತಿದೆಯೇ ಹೊರತು ಯಾರೋ ನಮಸ್ಕಾರ ಹೇಳಿದ ಹಾಗಿಲ್ಲ. ಮೇಷ್ಟ್ರ ಲೇಖನದ ಕೊನೆಗಿದ್ದ ಇಮೇಲ್ ವಿಳಾಸಕ್ಕೆ ಇದೇ ಗತಿಯಾಗಿತ್ತು.

ಈ ವೇಷದ ಕಾಲವನ್ನು ಹೀಗಳೆಯುವವರ ಗುಂಪಿಗೆ ನಾನು ಸೇರುವುದಿಲ್ಲ. ಕಂಪ್ಯೂಟರು ಕನ್ನಡಕ್ಕೆ ಜಾಗವೇ ಕೊಡದಿದ್ದಾಗ ಬಾಡಿಗೆ ಜಾಗದಲ್ಲಾದರೂ ಸಂಸಾರ ಹೂಡಿದವರು ಆ ಫಾಂಟುಗಳನ್ನು ಮಾಡಿದವರು. ಕೆ.ಪಿ. ರಾವ್ ಅವರು ಧ್ವನಿಗೆ ತಕ್ಕಂತೆ ಕೀಲಿಮಣೆಯನ್ನು ಜೋಡಿಸಿದ್ದರಿಂದ ಟೈಪಿಂಗ್ ಕ್ಲಾಸಿಗೆ ಹೋಗದವರೂ ಕನ್ನಡ ಕುಟ್ಟುವಂತಾಯಿತು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. 1998ರಲ್ಲಿ ಶೇಷಾದ್ರಿವಾಸು 'ಬರಹ' ಕೊಟ್ಟರು. ಕನ್ನಡ ಗಣಕ ಪರಿಷತ್ತಿನವರು 'ನುಡಿ' ಮಾಡಿದರು, ಸರ್ಕಾರಿ ಕಚೇರಿಗಳ ಸುತ್ತೋಲೆಗಳೆಲ್ಲ ಅದರಲ್ಲಿ ಹೊರಟವು. ಪುಣೆಯ ಶ್ರೀಲಿಪಿ ಅಚ್ಚುಮನೆಗಳನ್ನು ಹಿಡಿಯಿತು. ಎಷ್ಟು ಪುಸ್ತಕ, ಎಷ್ಟು ಲಗ್ನಪತ್ರಿಕೆ, ಎಷ್ಟು ತಿಥಿಯ ಕಾರ್ಡು ಆ ಫಾಂಟುಗಳಲ್ಲಿ ಹೊರಬಿದ್ದಿವೆ! ತೊಂದರೆ ಇಷ್ಟೇ: ಶ್ರೀಲಿಪಿಯ ವೇಷದ ಪಟ್ಟಿ ನುಡಿಗೆ ಹೊಂದುವುದಿಲ್ಲ. ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಮೇಳಕ್ಕೆ ಬರುವುದಿಲ್ಲ. ಒತ್ತುವುದು ಕೆ, ಉಳಿಯುವುದು ಪಿ, ಕಾಣುವುದು ಕ ಎಂಬ ಮೂರು ಹಂತದ ಸಂಸಾರ ಪ್ರಿಂಟು ತೆಗೆಯುವ ತನಕ ಸಾಗುತ್ತಿತ್ತು. ಕಾಗದದ ಮೇಲೆ ಬಿದ್ದ ಮಸಿಗೆ ಫಾಂಟಿನ ಹಂಗಿಲ್ಲ. ಇಮೇಲ್ ಬಂದ ಮೇಲೆ ಗುಟ್ಟು ರಟ್ಟಾಯಿತು.

ಇಮೇಲಿಗಾದರೂ ಹೊರೆ ಹೊರುವುದು ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಅದು ಮೊದಲಿಗೆ ಸಾದಾ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಹೊರುತ್ತಿತ್ತು. ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬಿಬ್ಬರು ಸೇರಿ ಮೈಮ್ ಎಂಬ ಕಟ್ಟಳೆ ರೂಪಿಸಿದರು. ಅದರಂತೆ 1992ರ ಮಾರ್ಚ್ 11ರಂದು ಬೋರೆನ್‌ಸ್ಟೈನ್ ಕಳಿಸಿದ ಲಗತ್ತಿನಲ್ಲಿ ಇದ್ದದ್ದು ತಾವು ಹಾಡುತ್ತಿದ್ದ ನಾಲ್ವರ ತಂಡದ ಫೋಟೋ ಮತ್ತು ಹಾಡು. ಫೈಲಿನೊಳಗಿನ ಪ್ರತಿ ಮೂರು ಬೈಟುಗಳನ್ನು ನಾಲ್ಕು ಇಂಗ್ಲಿಷ್ ಅಕ್ಷರ ಮಾಡಿ ಸಾಗಿಸುವುದು ಮೈಮಿನ ಉಪಾಯ. ನಾವು ಕಳಿಸುವ ಫೈಲು ದಾರಿಯಲ್ಲಿ ಮೂರನೇ ಒಂದು ಪಾಲು ದಪ್ಪಗಾಗುತ್ತದೆ. ಮೇಷ್ಟ್ರ ಲೇಖನ ಹೀಗೆ ಇನ್ನೊಮ್ಮೆ ಇಂಗ್ಲಿಷಾಗಿ ನನ್ನ ಬಳಿ ಬಂತು. ಕನ್ನಡಕ್ಕಾಗಿ ಜೀವ ತೇಯ್ದ ಮನುಷ್ಯನಿಗೆ ಇದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ಓದಲಾಗುತ್ತಿಲ್ಲ ಎಂದರೆ ಜನ ಸುಮ್ಮನಿರುವುದಿಲ್ಲ, ಉಪಕಾರಕ್ಕೆ ಇಳಿಯುತ್ತಾರೆ. ಒಬ್ಬರು ಲೇಖನವನ್ನು ಮತ್ತೆ ಕಳಿಸಿದರು, ಅದನ್ನೇ, ಹಾಗೇ. ಒಬ್ಬರು ಕಂಪ್ಯೂಟರಿನ ಪರದೆಯ ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿದರು; ಅದರಲ್ಲಿ ಲೇಖನಕ್ಕಿಂತ ಸ್ಪಷ್ಟವಾಗಿ ಕಿಟಕಿಯ ಸರಳು ಬಂದಿತ್ತು. ಡಿಟಿಪಿ ಅಂಗಡಿಯ ಹುಡುಗ "ಫಾಂಟ್ ಹಾಕ್ಕೊಂಡ್ರೆ ಬರುತ್ತೆ ಸಾರ್" ಎಂದ. ಅವನ ಮಾತು ನಿಜ. ವರ್ಡ್‌ನಲ್ಲಿ ಅಂಥ ಪುಟ ತೆರೆದು ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಡಬ್ಬಿಯಲ್ಲಿ ಫಾಂಟಿನ ಹೆಸರು ಹಾಗೇ ಕಾಣುತ್ತದೆ. ಮನುಷ್ಯ ಬರದಿದ್ದರೂ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ. ಆ ಹೆಸರಿನ ಫಾಂಟನ್ನು ಹುಡುಕಿ ಹಾಕಿಕೊಂಡರೆ ಎಲ್ಲರೂ ವೇಷ ತೊಟ್ಟು ನಿಲ್ಲುತ್ತಾರೆ. ಆದರೆ ಹೆಚ್ಚಿನವರು ಇವತ್ತು ಲೇಖನ ಓದುವುದು ಮೊಬೈಲಿನಲ್ಲಿ. ಅಲ್ಲಿ ಈ ಉಪಾಯ ಸುಲಭಕ್ಕೆ ನಡೆಯುವುದಿಲ್ಲ.

ಅದೇ ಹುಡುಗನ ಅಂಗಡಿಯ ಹಳೆಯ ಕಂಪ್ಯೂಟರಿಗೆ ಇನ್ನೊಂದು ಕಾಯಿಲೆಯಿತ್ತು. 2007ರಿಂದೀಚೆಗೆ ವರ್ಡ್ ಫೈಲಿನ ಬಾಲಕ್ಕೆ ಒಂದು ಎಕ್ಸ್ ಸೇರಿಕೊಂಡಿದೆ. ಅದಕ್ಕಿಂತ ಹಿಂದಿನ ವರ್ಡ್ ಅದನ್ನು ತನ್ನಷ್ಟಕ್ಕೆ ಬಿಚ್ಚಲಾರದು. ನಮಗೆ ಬಂದಿದ್ದ ಅಂಥದೊಂದು ಫೈಲನ್ನು ಹುಡುಗ ನೋಟ್‌ಪ್ಯಾಡಿನಲ್ಲಿ ತೆರೆದ. ಕಸದ ರಾಶಿ. ಆ ರಾಶಿಯ ಮೊಟ್ಟಮೊದಲ ಎರಡಕ್ಷರ ಮಾತ್ರ ಸ್ಪಷ್ಟವಾಗಿ 'ಪಿ ಕೆ'. "ಪಿ.ಕೆ. ಅಂದ್ರೆ ಯಾರು ಸಾರ್, ನಿಮ್ಮ ಬ್ಯಾಚಿನೋರಾ?" ಎಂದು ಕೇಳಿದ. ಅವರು ನಮ್ಮ ಬ್ಯಾಚಿನವರಲ್ಲ, ಫಿಲ್ ಕಾಟ್ಜ್ ಎಂಬ ಅಮೆರಿಕದವರು. ಜಿಪ್ ಎಂಬ ಮೂಟೆ ಕಟ್ಟುವ ವಿಧಾನ ಅವರದು. ಆ ಹೊಸ ಬಗೆಯ ವರ್ಡ್ ಫೈಲು ನಿಜದಲ್ಲಿ ಒಂದು ಜಿಪ್ ಮೂಟೆಯಾದ್ದರಿಂದ ಅವರ ಇನಿಷಿಯಲ್ಲು ಜಗತ್ತಿನ ಪ್ರತಿ ಅರ್ಜಿ, ಬಯೋಡೇಟಾ, ರಾಜೀನಾಮೆ ಪತ್ರದ ತಲೆಯ ಮೇಲೆ ಕೂತಿದೆ. ಗಣಪತಿಗೆ ಬಿಟ್ಟರೆ ಈ ಭಾಗ್ಯ ಅವರಿಗೇ.

ಪಿಡಿಎಫ್ ಕಳಿಸಿದವರು ಜಾಣರು. ಪಿಡಿಎಫ್ ಸಾಮಾನ್ಯವಾಗಿ ವೇಷದ ಪೆಟ್ಟಿಗೆಯನ್ನೂ ಹೊತ್ತುಕೊಂಡೇ ಬರುತ್ತದೆ, ಓದಲು ಅಡ್ಡಿಯಿಲ್ಲ. ಕಾಪಿ ಮಾಡಿ ಬೇರೆಡೆ ಅಂಟಿಸಿದಿರೋ, ಮತ್ತೆ ಪೌಂಡು, ಯೆನ್ನು.

ಇದಕ್ಕೆಲ್ಲ ಮದ್ದು ಅಕ್ಷರಕ್ಕೊಂದು ಸ್ವಂತ ಸಂಖ್ಯೆ ಕೊಡುವ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದರಲ್ಲಿ ಕ ಎಂದರೆ 3221, ಮಂಗಳೂರಾಗಲಿ ಮೆಲ್ಬರ್ನ್ ಆಗಲಿ. ಪಿಯ ಸಂಖ್ಯೆ 80, ಅದು ಅದರ ಪಾಡಿಗೆ ಇರುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡದ ಫಾಂಟು ಇತ್ತು. ಶಿವಮೊಗ್ಗದ ಕಡೆಯವನಾದ ನನಗೆ ಆ ಹೆಸರಿನ ಮೇಲೆ ಸ್ವಲ್ಪ ಪಕ್ಷಪಾತ. ಇಷ್ಟು ವರ್ಷವಾದರೂ ಮೇಷ್ಟ್ರು ಯಾಕೆ ಹಳೆಯದನ್ನೇ ಹಿಡಿದಿದ್ದಾರೆಂದರೆ, ಅದು ಅವರ ಕೈಗೆ ಕೂತಿದೆ, ಅವರ ಅಚ್ಚುಮನೆಯವನು ಅದನ್ನೇ ಕೇಳುತ್ತಾನೆ, ಮತ್ತು ಅಲ್ಲಿ ಚೆನ್ನಾಗೇ ಕಾಣುತ್ತಿದೆ.

ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ನಾನು ಬಳಸಿದ್ದು ಪೂರ್ತಿ ಪಳಗಿದ್ದಲ್ಲ. ಅದು ಎಡವುವುದು ಅರ್ಕಾವತ್ತಿನಲ್ಲಿ. 'ಕರ್ನಾಟಕ'ದ ರ್ ಬಾಯಲ್ಲಿ ಮೊದಲು ಬರುತ್ತದೆ, ಕಣ್ಣಿಗೆ ಆಮೇಲೆ ಕಾಣುತ್ತದೆ. ಹಳೆಯ ಫಾಂಟು ಕಣ್ಣಿನ ಕ್ರಮದಲ್ಲಿ ಬರೆದಿಡುತ್ತದೆ, ಯೂನಿಕೋಡು ಬಾಯಿಯ ಕ್ರಮದಲ್ಲಿ. ಈ ಅದಲುಬದಲು ತಪ್ಪಿದರೆ 'ಕನಾರ್ಟಕ' ಹುಟ್ಟಿಕೊಳ್ಳುತ್ತದೆ. ಮೇಷ್ಟ್ರ ಲೇಖನದಲ್ಲಿ ಅದು ಹುಟ್ಟಿಕೊಂಡಿತು, ಜೊತೆಗೆ 'ವಿದ್ಯಾಥಿರ್'ಗಳೂ 'ಮಾಗರ್ದಶರ್ನ'ವೂ. ಸಾಲು ಸಾಲು ತಿದ್ದುತ್ತ ಓದಿದೆ. ಬರವಣಿಗೆ ಚೆನ್ನಾಗಿತ್ತು. ಕಾಗುಣಿತ ತಪ್ಪಿದ್ದಕ್ಕೆ ನಮ್ಮ ಬ್ಯಾಚಿನ ಒಬ್ಬನನ್ನು ಬೆಂಚಿನ ಮೇಲೆ ನಿಲ್ಲಿಸಿದ ಪ್ರಸಂಗವೂ ಅದರಲ್ಲಿತ್ತು. ಆ ಹುಡುಗ ಈಗ ನಮ್ಮ ಖಜಾಂಚಿ.

ಸಂಚಿಕೆ ಅಚ್ಚಾಯಿತು. ಆದರೆ ಊರೂರಿನ ಕಪಾಟುಗಳಲ್ಲಿ, ಸಿ.ಡಿ.ಗಳಲ್ಲಿ, ಯಾರೂ ತೆರೆಯದ ಇಮೇಲುಗಳಲ್ಲಿ ಇಂಥ ವೇಷ ಕಳಚಿದ ಕನ್ನಡ ಇನ್ನೂ ಬೇಕಾದಷ್ಟು ಬಿದ್ದಿದೆ. ಹುಡುಕಿದರೆ ಅದು ಸಿಗುವುದಿಲ್ಲ. ಬೆಂಗಳೂರು ಎಂದು ಕೇಳಿದರೆ ಅದರೊಳಗಿನ ಬೆಂಗಳೂರು ಓಗೊಡುವುದಿಲ್ಲ. ನಿಮ್ಮ ಹತ್ತಿರ ಇದ್ದರೆ ಫಾಂಟು ಇನ್ನೂ ಸಿಗುವಾಗಲೇ ಪರಿವರ್ತಿಸಿಟ್ಟುಕೊಳ್ಳಿ. ಹೊಸದಾಗಿ ಬರೆಯುವವರು ನುಡಿಯಲ್ಲೇ ಬರೆಯಿರಿ, ಬರಹದಲ್ಲೇ ಬರೆಯಿರಿ, ಎರಡರಲ್ಲೂ ಯೂನಿಕೋಡ್ ಆಯ್ಕೆ ಇದೆ, ಅದನ್ನು ಒತ್ತಿಕೊಳ್ಳಿ. ಯಾವ ಸಂಪಾದಕರಿಗೇ ಆಗಲಿ, ಕಳಿಸುವ ಮುಂಚೆ ಆ ವರ್ಡ್ ಫೈಲನ್ನು ನಿಮ್ಮದೇ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ. ಅಲ್ಲೂ ಕನ್ನಡ ಕಂಡರೆ ಕಳಿಸಿ; ಜೊತೆಗೊಂದು ಪಿಡಿಎಫ್ ಇರಲಿ.