ಕವೆಗೋಲು ಮೀಮಾಂಸೆ

ಬಟ್ಟೆ ಹರವುವ ಹಗ್ಗ ಜೋಲು ಬೀಳುವುದೇಕೆ, ಬಿದ್ದದ್ದು ಮತ್ತೆ ಬಿಗಿಯಾಗುವುದು ಹೇಗೆ? ಈ ಎರಡು ಪ್ರಶ್ನೆಗಳ ಮೇಲೆ ಕನ್ನಡದಲ್ಲಿ ಯಾರಾದರೂ ಪಿಎಚ್.ಡಿ. ಮಾಡಿದ್ದು ಪ್ರಬಂಧಕಾರನ ಗಮನಕ್ಕೆ ಬಂದಿಲ್ಲ. ಸೀರೆಯ ಸೆರಗು ಮಣ್ಣು ಮುಟ್ಟಿ ಎರಡನೇ ಸಲ ಒಗೆಯಬೇಕಾಗಿ ಬಂದ ಒಂದು ಬೆಳಿಗ್ಗೆ, "ಹಗ್ಗ ಸಡ್ಲಾಗೈತಿ, ಒಂದೀಟು ಎಳದು ಕಟ್ರಿ" ಎಂದು ಮನೆಯಾಕೆ ಹೇಳಿದ್ದೇ ಈ ಅಧ್ಯಯನದ ಮೂಲ. ಎಳೆದು ಕಟ್ಟಲು ಐದು ನಿಮಿಷ ಸಾಕಿತ್ತು. ಆದರೆ ಪೂರ್ವಸೂರಿಗಳನ್ನು ನೋಡದೆ ಹಗ್ಗಕ್ಕೆ ಕೈ ಹಾಕುವುದು ವಿದ್ವತ್ತಿಗೆ ತಕ್ಕುದಲ್ಲವೆಂದು ಬಗೆದ ಪ್ರಬಂಧಕಾರ ಚೀಲ ಹೆಗಲಿಗೇರಿಸಿಕೊಂಡು ಕ್ಷೇತ್ರಕಾರ್ಯಕ್ಕೆ ಹೊರಟ.

ಕ್ಷೇತ್ರವೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯಲ್ಲಿ ಇರುವುದು ಆರು ತಾಲ್ಲೂಕು. ಹೊಸಪೇಟೆಯನ್ನು ಬಿಟ್ಟದ್ದಕ್ಕೆ ಶಾಸ್ತ್ರೀಯ ಕಾರಣವೇನೂ ಇಲ್ಲ. ಅಲ್ಲಿಗೆ ಹೋದವರು ಹಂಪಿ ನೋಡಿಕೊಂಡು ಬರುತ್ತಾರೆ, ಹಿತ್ತಲ ಹಗ್ಗ ನೋಡುವುದಿಲ್ಲ, ಅಷ್ಟೇ.

ಮೊದಲು ಶಬ್ದವಿಚಾರ. ಹಳಗನ್ನಡದ 'ಪಗ್ಗ'ವೇ ಹೊಸಗನ್ನಡದ 'ಹಗ್ಗ'. ಪಾಲು ಹಾಲಾದಂತೆ, ಪೂವು ಹೂವಾದಂತೆ. ಇದಕ್ಕೆ ಸಾಕ್ಷಿ ಕ್ಷೇತ್ರದೊಳಗೇ ಇದೆ: ಶಾಸನಗಳ ಕಾಲದಲ್ಲಿ 'ಪೂವಿನ ಪೊಸವಡಂಗಿಲೆ' ಎನಿಸಿದ್ದ ಊರು ಇವತ್ತು ಹೂವಿನಹಡಗಲಿ. 'ಪ' ಎನ್ನಬೇಕಾದರೆ ತುಟಿ ಎರಡೂ ಬಿಗಿಯಬೇಕು; 'ಹ' ಎನ್ನಲು ಬಾಯಿ ಸಡಿಲ ಬಿಟ್ಟರೆ ಸಾಕು. ಹೀಗಾಗಿ ಹಗ್ಗ ಸಡಿಲಾದದ್ದು ಹಿತ್ತಲಲ್ಲಲ್ಲ, ಮೊದಲು ಬಾಯಲ್ಲಿ ಎಂಬುದು ಪ್ರಬಂಧದ ಮೊದಲನೆಯ ಸ್ಥಾಪನೆ. ಈ ಸೀಮೆಯ ಹಳ್ಳಿಗಳಲ್ಲಿ ಉಳಿದ ಹಕಾರವೂ ಜಾರಿ ಅದು 'ಅಗ್ಗ'ವಾಗುವುದುಂಟು. ಸಂತೆಯಲ್ಲಿ ಸಿಂಬಿ ಸುತ್ತಿ ಮಾರುವ ನೀಲಿ ಪ್ಲಾಸ್ಟಿಕ್ ಹಗ್ಗದ ಬೆಲೆ ನೋಡಿದವರು ಈ ಕೊನೆಯ ರೂಪವನ್ನು ಅಪಶಬ್ದ ಎನ್ನಲಾರರು.

ಇತಿಹಾಸದಲ್ಲಿ ಹುಡುಕಿದರೆ ಹನ್ನೆರಡನೆಯ ಶತಮಾನದಲ್ಲಿ ಒಂದು ದೊಡ್ಡ ಸುಳಿವು ಸಿಗುತ್ತದೆ. ಹುಲ್ಲು ಕೊಯ್ದು ತಂದು ಹಗ್ಗ ಹೊಸೆದು ಮಾರುವುದನ್ನೇ ಕಾಯಕ ಮಾಡಿಕೊಂಡಿದ್ದ ನುಲಿಯ ಚಂದಯ್ಯ ಶರಣರ ನಡುವೆ ಇದ್ದ. ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನೂ ಇದ್ದ. ಒಬ್ಬನ ಕೈಯಲ್ಲಿ ಹಗ್ಗ, ಇನ್ನೊಬ್ಬನ ಕೈಯಲ್ಲಿ ಹಸಿ ಬಟ್ಟೆ. ಇಬ್ಬರಿಗೂ ನಂಟು ಕಟ್ಟುವ ಹಗ್ಗವೊಂದು ಕಲ್ಯಾಣದ ಯಾವುದೋ ಹಿತ್ತಲಲ್ಲಿ ಇದ್ದಿರಲೇಬೇಕು ಎಂಬುದು ತರ್ಕ. ಆಧಾರ ಸಿಕ್ಕಿಲ್ಲ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಶಾಸನಗಳಿವೆ. ಅವುಗಳನ್ನು ಹಾಕಿಸಿದವರ ಧೋತರ ಎಲ್ಲಿ ಒಣಗುತ್ತಿತ್ತು ಎಂದು ತಿಳಿಸುವ ಸಾಲು ಮಾತ್ರ ಪ್ರಬಂಧಕಾರನ ಕಣ್ಣಿಗೆ ಬೀಳಲಿಲ್ಲ.

ಆಡಳಿತದ ಇತಿಹಾಸ ಇನ್ನೂ ಫಲವತ್ತಾದದ್ದು. ಹರಪನಹಳ್ಳಿಯ ಯಾವುದಾದರೂ ಹಳೆಯ ಮನೆಯ ಹಿತ್ತಲನ್ನು ತೆಗೆದುಕೊಳ್ಳಿ. ಬೇವಿನ ಮರದಿಂದ ಬಚ್ಚಲ ಕಿಟಕಿಯ ಸರಳಿಗೆ ಕಟ್ಟಿದ ಹಗ್ಗ 1953ರ ಅಕ್ಟೋಬರ್ 1ರಂದು ಮದರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಹೋಯಿತು. ಸಂವಿಧಾನದ 371(ಜೆ) ವಿಧಿಯ ಸವಲತ್ತಿಗಾಗಿ ನಡೆದ ಹೋರಾಟದ ತರುವಾಯ 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಅಲ್ಲಿಂದ ವಿಜಯನಗರಕ್ಕೆ. ಇಷ್ಟೆಲ್ಲ ಎಳೆದಾಟ ಆದರೂ ಹಗ್ಗ ಒಂದಂಗುಲ ಬಿಗಿಯಾಗಲಿಲ್ಲ. ನಗೆಬರಹಗಾರ ಬೀಚಿ 1913ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ ಎಂಬುದನ್ನು ಇಲ್ಲಿ ನೆನೆದು ಮುಂದೆ ಹೋಗೋಣ.

ಇನ್ನು ಭೌತಶಾಸ್ತ್ರ. ಇಲ್ಲಿ ನಗುವಂಥದ್ದು ಕಡಿಮೆ, ಬೆವರುವಂಥದ್ದು ಹೆಚ್ಚು. ಕಂಬದಿಂದ ಕಂಬಕ್ಕೆ 20 ಅಡಿ ಅಂತರವಿರಲಿ. ಸರಿಯಾಗಿ ನಡುವೆ ಒಂದು ನೆಂದ ಕೌದಿ ಹಾಕಿ. ಹಳೆಯ ಸೀರೆ, ಧೋತರದ ಪದರಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಕೌದಿ ನೀರು ಕುಡಿದಾಗ ಎಷ್ಟು ತೂಗುತ್ತದೆ ಎಂಬುದು ಹಳ್ಳದಿಂದ ಹೊತ್ತು ತಂದವರಿಗೇ ಗೊತ್ತು. ಲೆಕ್ಕಕ್ಕೆ 10 ಕೆ.ಜಿ. ಎಂದಿಟ್ಟುಕೊಳ್ಳೋಣ. ತೂಕವನ್ನು ಅಂತರದಿಂದ ಗುಣಿಸಿ, ಹಗ್ಗ ಎಷ್ಟು ಜೋತಿದೆಯೋ ಅದರ ನಾಲ್ಕರಷ್ಟರಿಂದ ಭಾಗಿಸಿದರೆ ಹಗ್ಗದ ಮೇಲಿನ ಎಳೆತ ಸಿಗುತ್ತದೆ. ಎರಡು ಅಡಿ ಜೋತರೆ 25 ಕೆ.ಜಿ. ಒಂದಡಿ ಜೋತರೆ 50. ಅರ್ಧ ಅಡಿ ಮಾತ್ರ ಜೋಲಬೇಕೆಂದರೆ ಒಂದು ಕ್ವಿಂಟಲ್, ಒಂದೇ ಅಂಗುಲ ಎಂದರೆ ಆರು ಕ್ವಿಂಟಲ್. ಕೌದಿ ಹಾಕಿದ ಮೇಲೂ ಹಗ್ಗ ಗೆರೆ ಎಳೆದಂತೆ ನೆಟ್ಟಗಿರಬೇಕೆಂದು ಹಟ ಹಿಡಿದರೆ ಉತ್ತರ ಅನಂತ. ಅಷ್ಟು ದೂರ ಹೋಗುವ ಮೊದಲೇ ಕಿಟಕಿಯ ಸರಳು ಕಿತ್ತು ಕೈಗೆ ಬಂದಿರುತ್ತದೆ.

ಈ ಸತ್ಯವನ್ನು 1819ರಲ್ಲಿ ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್ ತನ್ನ ಯಂತ್ರಶಾಸ್ತ್ರದ ಪಠ್ಯದಲ್ಲಿ ಬರೆದ. ಯಾವ ಬಲವೂ ಯಾವ ಹಗ್ಗವನ್ನೂ ಅಡ್ಡಲಾಗಿ ಪೂರ್ತಿ ನೆಟ್ಟಗೆ ಎಳೆಯಲಾರದು ಎಂಬುದು ಅವನ ಮಾತಿನ ತಾತ್ಪರ್ಯ. ಆದರೆ ಆ ವಾಕ್ಯ ಅವನಿಗೇ ತಿಳಿಯದಂತೆ ಪ್ರಾಸಬದ್ಧವಾದ ನಾಲ್ಕು ಸಾಲಿನ ಪದ್ಯವಾಗಿಬಿಟ್ಟಿತ್ತು. ಸಹೋದ್ಯೋಗಿಯೊಬ್ಬ ಅದನ್ನು ಊಟದ ನಂತರದ ಭಾಷಣದಲ್ಲಿ ಪದ್ಯದಂತೆಯೇ ಹೇಳಿ ನಗಿಸಿದ. ಹ್ಯೂವೆಲ್‌ಗೆ ನಗು ಬರಲಿಲ್ಲ. ಮುಂದಿನ ಆವೃತ್ತಿಯಲ್ಲಿ ವಾಕ್ಯವನ್ನೇ ಬದಲಾಯಿಸಿದ. ಹಗ್ಗ ಬಿಗಿಯಾಗದಿದ್ದರೂ ಹಗ್ಗದ ವಿದ್ವಾಂಸರು ಬಿಗಿಯಾಗಿಯೇ ಇರುತ್ತಾರೆ ಎನ್ನಲು ಇಷ್ಟು ಸಾಕು. ಜೋತ ಹಗ್ಗದ ಬಾಗಿನ ಸಮೀಕರಣವನ್ನು 1691ರಲ್ಲಿ ಹೈಗನ್ಸ್, ಲೈಬ್ನಿಟ್ಸ್, ಯೊಹಾನ್ ಬರ್ನೌಲಿ ಮೂವರೂ ಬಿಡಿಸಿದರು. ಅವರಲ್ಲಿ ಯಾರೂ ಕೌದಿ ಹಾಕಿ ನೋಡಿದಂತಿಲ್ಲ.

ನಾರಿನ ಗುಣವನ್ನೂ ಮರೆಯುವಂತಿಲ್ಲ. ಹಿಂದೆ ಈ ಕಡೆ ಪುಂಡಿ ನಾರಿನ ಹಗ್ಗ ಮನೆಮನೆಯಲ್ಲೂ ಹೊಸೆಯುತ್ತಿದ್ದರು. ನೆಂದರೆ ನಾರು ಉಬ್ಬುತ್ತದೆ, ಉಬ್ಬಿದ ನಾರಿನ ಹುರಿ ಉದ್ದದಲ್ಲಿ ಕುಗ್ಗುತ್ತದೆ. ಹಸಿ ಬಟ್ಟೆ ಹಾಕಿದೊಡನೆ ಹಗ್ಗ ತಾನೇ ತುಸು ಬಿಗಿಯುತ್ತಿತ್ತು. ಪ್ಲಾಸ್ಟಿಕ್ ಹಗ್ಗಕ್ಕೆ ಈ ಸಂಸ್ಕಾರ ಇಲ್ಲ. ಬಿಸಿಲಿಗೂ ಭಾರಕ್ಕೂ ಅದು ದಿನಕ್ಕಿಷ್ಟು ಹಿಗ್ಗುತ್ತದೆ, ಹಿಗ್ಗಿದ್ದು ಹಿಂದಿರುಗುವುದಿಲ್ಲ.

ಇಂಥ ಹಗ್ಗವನ್ನು ಹದ್ದುಬಸ್ತಿನಲ್ಲಿಡಲು ಐದು ತಾಲ್ಲೂಕಿನ ಹಿತ್ತಲುಗಳಲ್ಲಿ ಹಲವು ಪಂಥಗಳು ಹುಟ್ಟಿವೆ. ಶಿಲಾಪಂಥದವರು ಹಗ್ಗದ ಒಂದು ತುದಿಯನ್ನು ಮಾತ್ರ ಕಟ್ಟುತ್ತಾರೆ. ಇನ್ನೊಂದು ತುದಿಯನ್ನು ಹಳೆಯ ಬಾವಿಯ ಗಡಗಡಿಯ ಮೇಲೋ ಬೇವಿನ ಕೊಂಬೆಯ ಮೇಲೋ ಹಾಯಿಸಿ ಕಲ್ಲು ಕಟ್ಟಿ ಇಳಿಬಿಡುತ್ತಾರೆ. ಮಿಕ್ಸಿ ಬಂದ ಮೇಲೆ ಕೆಲಸವಿಲ್ಲದೆ ಕೂತ ಬೀಸುಕಲ್ಲಿನ ಮೇಲಿನ ಹೋಳು ಇದಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ನಡುವೆ ತೂತು ಮೊದಲೇ ಇದೆ. ಕಲ್ಲು 25 ಕೆ.ಜಿ. ಇದ್ದರೆ, ಮೇಲಿನ ಲೆಕ್ಕದ ಕೌದಿಗೆ ಹಗ್ಗ ಎರಡೇ ಅಡಿ ಜೋತು ನಿಲ್ಲುತ್ತದೆ. ಬಟ್ಟೆ ಒಣಗಿ ಹಗುರಾದಂತೆ ಕಲ್ಲು ಇಳಿಯುತ್ತದೆ, ಹಗ್ಗ ಏರುತ್ತದೆ. ವಿದ್ಯುತ್ ರೈಲುಮಾರ್ಗದ ಕೆಲವು ಕಂಬಗಳಲ್ಲಿ ಬಿಲ್ಲೆ ಬಿಲ್ಲೆ ಪೇರಿಸಿ ತೂಗುಬಿಟ್ಟ ಭಾರವನ್ನು ನೋಡಿದವರಿಗೆ ಇದು ಹೊಸದಲ್ಲ. ಬಿಸಿಲಿಗೆ ತಂತಿ ಹಿಗ್ಗಿದರೂ ಬಿಗಿ ಕೆಡದಿರಲೆಂದು ರೈಲ್ವೆಯವರು ಮಾಡಿದ್ದು ಇದನ್ನೇ, ಬೀಸುಕಲ್ಲು ಒಂದನ್ನು ಬಿಟ್ಟು.

ತಿರುಚುಪಂಥ ಸ್ವಲ್ಪ ಅಪಾಯದ್ದು. ಹಗ್ಗವನ್ನು ಎರಡೆಳೆ ಮಾಡಿ ಕಟ್ಟಿ, ಎಳೆಗಳ ನಡುವೆ ಒಂದು ಗೇಣುದ್ದದ ಕೋಲು ತೂರಿಸಿ ತಿರುವಿದಂತೆಲ್ಲ ಹಗ್ಗ ಮೋಟಾಗುತ್ತ ಬಿಗಿಯುತ್ತದೆ. ಇಂಗ್ಲಿಷ್ ನಾವಿಕರು ಈ ಉಪಾಯಕ್ಕೆ ಯಾಕೋ ಸ್ಪೇನ್ ದೇಶದ ಹೆಸರಿಟ್ಟಿದ್ದಾರೆ. ಸೌದೆ, ಮೇವು ಹೇರಿದ ಬಂಡಿಯನ್ನು ಬಿಗಿಯುವ ರೈತನಿಗೆ ಸ್ಪೇನಿನ ಪರವಾನಗಿ ಬೇಕಾಗಿಲ್ಲ. ಕೋಲಿನ ತುದಿಯನ್ನು ಹಗ್ಗಕ್ಕೇ ಬಿಗಿದು ಕಟ್ಟದಿದ್ದರೆ, ಅಥವಾ ಚಿಣ್ಣಿದಾಂಡಿಗೆ ಬೇಕೆಂದು ಹುಡುಗರು ಎಳೆದುಕೊಂಡರೆ, ಅದು ಗಿರಗಿರ ತಿರುಗಿ ಮೊಣಕೈಗೆ ಕೊಡುವ ಏಟನ್ನು ಪ್ರಬಂಧಕಾರ ಪ್ರಯೋಗಮುಖೇನ ಖಚಿತಪಡಿಸಿಕೊಂಡಿದ್ದಾನೆ.

ಸೈಕಲ್ ಟ್ಯೂಬಿನ ತುಂಡನ್ನು ತುದಿಗೆ ಗಂಟು ಹಾಕುವ ರಬ್ಬರ್ ಪಂಥವೂ ಇದೆ. ಒಂದು ಬೇಸಿಗೆಯ ಮಟ್ಟಿಗೆ. ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಟರ್ನ್‌ಬಕಲ್ ಸುಧಾರಣಾವಾದಿಗಳ ಆಯ್ಕೆ. ಒಂದು ಕಡೆ ಬಲತಿರುಪು, ಇನ್ನೊಂದು ಕಡೆ ಎಡತಿರುಪು, ನಡುವನ್ನು ತಿರುವಿದರೆ ಎರಡೂ ಕೊಕ್ಕೆ ಒಳಗೆ ಬರುತ್ತವೆ. ಬುದ್ಧಿವಂತ ಸಾಧನವೇ. ಆದರೆ ಅದಕ್ಕೆ ತಂತಿ ಬೇಕು, ತಂತಿಗೆ ತುಕ್ಕು ಬರುತ್ತದೆ, ಬಿಳಿ ಪಂಚೆಯ ಮೇಲೆ ಕಂದು ಗೆರೆ ಮೂಡುತ್ತದೆ. ಇನ್ನೊಂದು ಮಾತು, ಇದು ಅಣಕಲ್ಲ: ಬಟ್ಟೆಯ ತಂತಿಯನ್ನು ಕರೆಂಟಿನ ಕಂಬಕ್ಕೋ ಮೀಟರ್ ಬೋರ್ಡಿನ ಪಕ್ಕದ ಮೊಳೆಗೋ ಕಟ್ಟಿದವರ ಮನೆಯಲ್ಲಿ ಹಸಿ ಕೈ ಪ್ರಾಣಕ್ಕೆ ಎರವಾಗಬಹುದು.

ಎಲ್ಲ ಪಂಥಗಳನ್ನೂ ನೋಡಿ ಬಂದ ಮೇಲೆ ಉಳಿಯುವುದು ಕವೆಗೋಲು. ಒಂದು ಕೋಲು, ಅದರ ತುದಿಗೆ ಕವಲು. ನಡು ಹಗ್ಗಕ್ಕೆ ಕವಲು ಕೊಟ್ಟು ಎತ್ತಿ ನಿಲ್ಲಿಸಿದರೆ ಮುಗಿಯಿತು. ಇದು ಹಗ್ಗವನ್ನು ಎಳೆಯುವ ಗೋಜಿಗೇ ಹೋಗುವುದಿಲ್ಲ ಎಂಬುದೇ ಇದರ ಜಾಣತನ. 20 ಅಡಿಯ ಅಂತರವನ್ನು ಹತ್ತು ಹತ್ತು ಮಾಡುತ್ತದೆ. ಅಂತರ ಅರ್ಧವಾದರೆ ಅಷ್ಟೇ ಜೋಲಿಗೆ ಎಳೆತವೂ ಅರ್ಧ. ಭಾರದ ದೊಡ್ಡ ಪಾಲು ಕೋಲಿನಗುಂಟ ನೇರ ನೆಲಕ್ಕೆ ಇಳಿಯುತ್ತದೆ. ಕಿಟಕಿಯ ಸರಳು ಬದುಕುತ್ತದೆ.

ಕೋಲಿಗೆ ಬರವಿಲ್ಲ. ಕೂಡ್ಲಿಗಿಯಿಂದ ಯಾವ ದಾರಿ ಹಿಡಿದರೂ ಎರಡೂ ಬದಿ ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ಮುಳ್ಳುಗಿಡ ಇಂಡಿಯಾಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಹುಟ್ಟಿದ ಊರು ಬಳ್ಳಾರಿಯಲ್ಲ, ಆದರೂ ಹೆಸರು ಅಂಟಿಕೊಂಡಿತು. ಜಿಲ್ಲೆ ಒಡೆದ ಮೇಲೂ ಇದನ್ನು 'ವಿಜಯನಗರ ಜಾಲಿ' ಮಾಡಬೇಕೆಂದು ಯಾರೂ ಮನವಿ ಕೊಟ್ಟಂತಿಲ್ಲ.

ಕವೆ ಆರಿಸುವುದಕ್ಕೆ ಕಣ್ಣು ಬೇಕು. ಕವಲು ಅಗಲವಾದರೆ ಹಗ್ಗ ಆಡುತ್ತದೆ, ತೀರ ಕಿರಿದಾದರೆ ಹಗ್ಗ ಸಿಕ್ಕಿಕೊಂಡು ಕೋಲು ಕದಲಿಸಲಾಗದು. ಹೆಬ್ಬೆರಳು ಸಲೀಸಾಗಿ ಕೂರುವಷ್ಟು ಸಂದು ಸರಿ. ಮುಳ್ಳು ಕೊಯ್ದು, ಕುಡುಗೋಲಿನ ಬಾಯಿಂದ ತೊಗಟೆ ಕೆರೆದು, ಕವಲಿನ ಒಳಮೈಯನ್ನು ಇಟ್ಟಿಗೆ ಚೂರಿನಿಂದ ಉಜ್ಜಬೇಕು. ಒಂದು ಸಿಬಿರು ಉಳಿದರೂ ಸೀರೆಯ ಅಂಚಿಗೆ ಗತಿಯಿಲ್ಲ. ಬುಡವನ್ನು ಚೂಪು ಮಾಡಿ ಗಾಳಿ ಬರುವ ದಿಕ್ಕಿಗೆ ತುಸು ವಾಲಿಸಿ ಊರಬೇಕು. ಇಷ್ಟಾದರೂ ಆಷಾಢದಲ್ಲಿ ಭರವಸೆ ಇಲ್ಲ. ಹರಪನಹಳ್ಳಿ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ಹಿತ್ತಲಿಗೂ ಬೀಸುವುದು. ಸೀರೆ ಹಾಯಿಯಂತೆ ಉಬ್ಬುತ್ತದೆ, ಹಗ್ಗ ಮೇಲೆದ್ದು ಕವಲು ಬಿಡುತ್ತದೆ, ಕೋಲು ಒಂದು ಕ್ಷಣ ಯೋಚಿಸಿ ನಿಧಾನಕ್ಕೆ ಮಲಗುತ್ತದೆ. ಹಿಂದೆಯೇ ಒಗೆದದ್ದೆಲ್ಲ ಕೆಮ್ಮಣ್ಣಿಗೆ.

ಬಿಗಿಯ ಹದ ಎಷ್ಟಿರಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಡಗಲಿಯಲ್ಲಿ, ಅದೂ ಹಗ್ಗದವರಿಂದಲ್ಲ. ಜಿಐ ಮಾನ್ಯತೆ ಪಡೆದ ಅಲ್ಲಿನ ಮಲ್ಲಿಗೆಯನ್ನು ಕಟ್ಟುವ ಹೆಣ್ಣುಮಕ್ಕಳ ಬೆರಳು ನೋಡಬೇಕು. ನೆನೆಸಿದ ಬಾಳೆನಾರು ಒಂದು ಕೂದಲಷ್ಟು ಹೆಚ್ಚು ಬಿಗಿದರೆ ತೊಟ್ಟು ಕತ್ತರಿಸುತ್ತದೆ, ಕಡಿಮೆಯಾದರೆ ಹೂ ಉದುರುತ್ತದೆ. ಅವರು ಲೆಕ್ಕ ಹಾಕುವುದಿಲ್ಲ, ಬೆರಳು ನೋಡುವುದೂ ಇಲ್ಲ, ಟಿವಿ ನೋಡುತ್ತಾರೆ. ಅದೇ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಗೊರವಯ್ಯ ಬಿಲ್ಲನ್ನೇರಿ ಒಂದೇ ಮಾತಿನ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿಯುತ್ತಾರೆ. ಆ ಒಂದು ಮಾತನ್ನು ಮಳೆಯ ಕಡೆಗೊಬ್ಬರು, ಪೇಟೆಯ ಧಾರಣೆಯ ಕಡೆಗೊಬ್ಬರು, ವಿಧಾನಸೌಧದ ಕಡೆಗೊಬ್ಬರು ವರ್ಷವಿಡೀ ಎಳೆಯುತ್ತಾರೆ, ಅದು ಹರಿಯುವುದಿಲ್ಲ. ಒಂದು ಹಗ್ಗವನ್ನು ಇಷ್ಟು ಪುಟಕ್ಕೆ ಎಳೆಯುವ ಧೈರ್ಯ ಪ್ರಬಂಧಕಾರನಿಗೆ ಬಂದದ್ದು ಅಲ್ಲಿಂದ.

ಹಗರಿಬೊಮ್ಮನಹಳ್ಳಿಯಲ್ಲಿ ಸಂಶೋಧನೆ ದಾರಿ ತಪ್ಪಿತು. 2024ರಲ್ಲಿ ಜೌಗುನೆಲಗಳ ರಾಮ್‌ಸರ್ ಪಟ್ಟಿ ಸೇರಿದ ಅಂಕಸಮುದ್ರದ ಕೆರೆಗೆ ಹಕ್ಕಿ ನೋಡಲು ಹೋಗಿ ಎರಡು ದಿನ ಕಳೆಯಿತು. ಹಗ್ಗದ ಮೇಲೆ ಕೂರುವ ಕಾಗೆಗೂ ಕೆರೆಯ ಜಾಲಿಮರದ ಮೇಲೆ ಕೂರುವ ಕೊಕ್ಕರೆಗೂ ಬಟ್ಟೆಯ ದೃಷ್ಟಿಯಿಂದ ಪರಿಮಾಣದಲ್ಲಿ ಮಾತ್ರ ವ್ಯತ್ಯಾಸ ಎಂದಷ್ಟೇ ದಾಖಲಾಯಿತು.

ಕೊನೆಯ ಕ್ಷೇತ್ರಕಾರ್ಯ ಉಚ್ಚಂಗಿದುರ್ಗದ ಕಡೆಯ ಒಂದು ಹಳ್ಳಿಯಲ್ಲಿ. ಮಾರ್ನೋಮಿ ಮುಂದಿತ್ತು, ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯುವ ದಿನ. ಅಜ್ಜಿಯೊಬ್ಬಳು ಕೌದಿಗಳ ರಾಶಿಯ ಮುಂದೆ ನಿಂತಿದ್ದಳು. ಅವಳ ಕವೆಗೋಲು ಆಗಷ್ಟೇ ನಡುವೆ ಮುರಿದಿತ್ತು.

"ಏನ್ ಬರಕಂತೀಯಪ್ಪಾ?"

"ಹಗ್ಗದ ಬಗ್ಗೆ, ಅಜ್ಜಿ."

"ಹಗ್ಗದ ಬಗ್ಗೆ ಬರೆಯಾಕ ಏನೈತಿ? ಪುಸ್ತಕ ಕೆಳಗಿಡು. ಇದನ್ನೀಟು ಎತ್ತಿ ಹಿಡಿ."

ಪ್ರಬಂಧಕಾರ ಎರಡೂ ಕೈ ಮೇಲೆತ್ತಿ ಹಗ್ಗ ಹಿಡಿದ. ಅಜ್ಜಿ ಎಡಕ್ಕೊಂದು ಕೌದಿ ಎಸೆದಳು, ಬಲಕ್ಕೊಂದು ಎಸೆದಳು. ತಣ್ಣನೆಯ ನೀರು ಮೊಣಕೈಯಿಂದ ಕಂಕುಳಿಗೆ ಇಳಿಯಿತು. ಮೊಮ್ಮಗ ಬೇರೆ ಕವೆ ಕಡಿದುಕೊಂಡು ಬರಲು ಹೋಗಿದ್ದಾನೆ, ಇನ್ನೇನು ಬಂದಾನು ಎಂದು ಹೇಳಿ ಅವಳು ರೊಟ್ಟಿ ಬಡಿಯಲು ಒಳಗೆ ನಡೆದಳು. ಅಷ್ಟರಲ್ಲಿ ಅಂಗಿಯ ಕಿಸೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮನೆಯಿಂದ ಬಂದ ಕರೆಯೆಂದು ನೋಡದೆಯೂ ಗೊತ್ತಾಯಿತು. ಕೈ ಖಾಲಿ ಇರಲಿಲ್ಲ.