ಕ್ಯಾಮೆರಾ ಕಾಕಾ

ಕಲಬುರಗಿಯ ಯಾವ ಬಡಾವಣೆಗೆ ಹೋದರೂ ಒಬ್ಬ ಕ್ಯಾಮೆರಾ ಕಾಕಾ ಸಿಗುತ್ತಾರೆ. ನಮ್ಮ ಕಾಕಾ ನೌಕರಿಯಿಂದ ನಿವೃತ್ತರು. ಮೂಲ ಊರು ಕಮಲಾಪುರ, ಅಲ್ಲಿ ಎರಡೆಕರೆ ಕೆಂಪು ಬಾಳೆ. ತೋಟದಲ್ಲಿದ್ದಾಗ ಮೊಬೈಲಿನಲ್ಲಿ ಕಲಬುರಗಿಯ ಮನೆ ನೋಡುತ್ತಾರೆ, ಮನೆಯಲ್ಲಿದ್ದಾಗ ತೋಟ ನೋಡುತ್ತಾರೆ. ತಾವು ಕೂತ ಜಾಗವೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರ ಕಣ್ಗಾವಲಿನಲ್ಲಿ ಭದ್ರ. “ಕಮಲಾಪುರದ ಬಾಳೆಗ ಜಿಐ ಟ್ಯಾಗ್ ಬಂದ ಮ್ಯಾಲ ಗೊನಿಗೂ ಗನ್‌ಮ್ಯಾನ್ ಬೇಕಾಗ್ಯಾನ್ರಿ” ಎನ್ನುತ್ತಾರೆ.

ಬಡಾವಣೆಯ ಸಕಲ ವ್ಯಾಜ್ಯಕ್ಕೂ ಅವರದೊಂದೇ ಮಾತು: “ರೆಕಾರ್ಡಿಂಗ್ ನೋಡೋಣ ಬರ್ರಿ.” ಪೇಪರನ್ನು ಗಟಾರಕ್ಕೆ ಒಗೆದವರು ಯಾರು, ಕಸ ಯಾರ ಬಾಗಿಲಿನಿಂದ ಯಾರ ಬಾಗಿಲಿಗೆ ಸರಿಯಿತು, ಎಲ್ಲಕ್ಕೂ ಇದೇ. ಇಲ್ಲಿಯವರೆಗೆ ಯಾರೂ ಹೋಗಿ ನೋಡಿದ್ದಿಲ್ಲ. ಮಾತು ಕಿವಿಗೆ ಬಿದ್ದ ಕೂಡಲೇ ಜಗಳ ರಾಜಿಯಾಗುತ್ತದೆ.

ಇಂಥ ಕಾಕಾನ ಕ್ಯಾಮೆರಾಗಳ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಒಂದು ಬೇಸಿಗೆಯಲ್ಲಿ ‘ಪೀಂ ಪೀಂ’ ಎಂದು ಒದರತೊಡಗಿತು. ಕಳ್ಳರು ಒಯ್ದುಬಿಟ್ಟಾರೆಂದು ಅದನ್ನು ಕಬ್ಬಿಣದ ಅಲ್ಮಾರಿಯಲ್ಲಿಟ್ಟು ಕೀಲಿ ಹಾಕಿದ್ದರು. ಹೊರಗೇ 43 ಡಿಗ್ರಿ, ಅಲ್ಮಾರಿಯೊಳಗೆ ಭಟ್ಟಿ. ಸಾಲದ್ದಕ್ಕೆ, ದುಡ್ಡು ಉಳಿಸಲು ಮಗನ ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನೇ ಕೂರಿಸಿದ್ದರು. ನಿಮಿಷಕ್ಕೆ 7,200 ಸುತ್ತು, ಹಗಲೂ ರಾತ್ರಿ. ನಡುವೆ ಕರೆಂಟಿನ ಕಣ್ಣಾಮುಚ್ಚಾಲೆ. ಡಿಸ್ಕು ಕೈಲಾಗದೆ ಕೈ ಚೆಲ್ಲಿತು.

ಡಿಸ್ಕು ಹೋದರೂ ಟಿವಿಯಲ್ಲಿ ಗೇಟು, ರಸ್ತೆ, ನಾಯಿ ಎಲ್ಲ ಕಾಣುತ್ತಲೇ ಇರುತ್ತವೆ, ದಾಖಲಾಗುವುದಿಲ್ಲ, ಅಷ್ಟೇ. ಆದರೆ ಈ ಸುದ್ದಿ ಹೊರಬಿದ್ದರೆ ಕಾಕಾನ ನ್ಯಾಯಾಲಯಕ್ಕೇ ಬೀಗ. ಹಾಗಾಗಿ ಮನೆ ಕಾಯುವುದನ್ನು ಬಿಟ್ಟು ಗುಟ್ಟು ಕಾಯತೊಡಗಿದರು.

“ಏನ್ರಿ ಕಾಕಾ ಅದು, ಪೀಂ ಪೀಂ ಅನ್ಲತ್ತದ?” ಎದುರು ಮನೆಯವರು ಕೇಳಿದರು.

“ಹೊಸಾ ಅಲಾರಂ ರೀ. ಯಾರರ ಕೆಟ್ಟ ಕಣ್ಣಿಂದ ನೋಡಿದ್ರ ಒದರ್ತದ.”

ಎದುರು ಮನೆಯವರು ಎರಡು ದಿನ ನೆಲ ನೋಡುತ್ತಲೇ ಓಡಾಡಿದರು.

ಕೊನೆಗೆ ಸೂಪರ್ ಮಾರ್ಕೆಟ್ ಕಡೆಯ ರಿಪೇರಿ ಹುಡುಗ ಬಂದ. ವರಾಂಡದಲ್ಲಿ ಚಾಪೆ ಹಾಸಿ ಡಿವಿಆರ್ ಮುಚ್ಚಳದ ಸ್ಕ್ರೂ ಬಿಚ್ಚಿ, ಎರಡು ವಯರು ಕಿತ್ತು, ಹಳೇ ಡಿಸ್ಕನ್ನು ಕೈಯಲ್ಲಿ ಹಿಡಿದ. “ಕಾಕಾ, ಇದು ಆರಾಮಾಗಿ ದುಡಿಯೋ ಡಿಸ್ಕ್. ನೀವು ಇಪ್ಪತ್ನಾಲ್ಕು ತಾಸು ಡ್ಯೂಟಿ ಹಚ್ಚೀರಿ. ಕ್ಯಾಮೆರಾಕ್ಕಂತೇ ಬ್ಯಾರೆ ಬರ್ತದ.”

“ಮೆಲ್ಲಗ ಮಾತಾಡೋ ತಮ್ಮಾ.”

ಹೊಸ ಡಿಸ್ಕು ಕೂರಿಸಿ, ಫಾರ್ಮ್ಯಾಟ್ ಒತ್ತಿ, ಹುಡುಗ ವಿವರಿಸಿದ: “ಎರಡು ಟಿಬಿ ಅದ. ಹೆಚ್ಚುಕಮ್ಮಿ ತಿಂಗಳ ಮಟ ಇಟ್ಟಿರ್ತದ. ಆಮ್ಯಾಲ ಹಳೇದನ್ನ ಅಳಿಸ್ಕೋತ ಹೋಗ್ತದ.”

“ಹಂಗಾದ್ರ ತಿಂಗಳೊಳಗೇ ಜಗಳ ಮುಗಿಸ್ಕೋರಿ ಅಂತ ಮಂದಿಗಿ ಹೇಳ್ಬೇಕೇನೋ?”

ಪೀಂ ಪೀಂ ನಿಂತಿತು. ಹುಡುಗ ಲೆಕ್ಕ ಹೇಳಿದ. ಕಾಕಾ ಸಾವಿರ ಮುರಿದುಕೊಂಡು ಕೊಟ್ಟರು. “ಮೊನ್ನೆ ಗೇಟಿನ ಮುಂದ ಸಾವಿರ ಅಡ್ವಾನ್ಸ್ ಕೊಟ್ಟೀನಲ್ಲ.”

“ಇಲ್ರಿ ಕಾಕಾ, ಕೊಟ್ಟಿಲ್ಲ.”

ಮಾತು ಏರಿತು. ಎದುರು ಮನೆಯವರು ಚಪ್ಪಲಿ ಬಿಟ್ಟು ಒಳಗೇ ಬಂದು ಕುರ್ಚಿ ಎಳೆದುಕೊಂಡರು. “ಜಗಳ ಯಾಕ್ರಿ? ಗೇಟಿನ ಮ್ಯಾಲೇ ಕ್ಯಾಮೆರಾ ಅದ. ಮೊನ್ನಿದು ರೆಕಾರ್ಡಿಂಗ್ ಹಚ್ರಿ, ನೋಡೇಬಿಡೋಣ.”

ಕಾಕಾ ಹುಡುಗನ ಮುಖ ನೋಡಿದರು. ಹುಡುಗ ಸ್ಕ್ರೂಡ್ರೈವರ್ ಒರೆಸತೊಡಗಿದ.

“ನನಗೇ ಮರೆವು ಆಗಿರ್ಬೇಕು ಬಿಡ್ರಿ” ಎಂದು ಕಾಕಾ ಇನ್ನೊಂದು ಸಾವಿರ ಎಣಿಸಿ ಕೊಟ್ಟರು.

ಹೊಸ ಡಿಸ್ಕಿನಲ್ಲಿ ಮೊದಲು ದಾಖಲಾದ ವ್ಯವಹಾರ ಅದೇ, ತಾರೀಖು ಸಮೇತ.