ಗ್ಯಾರೇಜಿನ ಗಾನಗೋಷ್ಠಿ

ನನ್ನ ಮೊಬೈಲು ಜಾಗವಿಲ್ಲವೆಂದು ಮುಷ್ಕರ ಹೂಡಿದೆ. 128 ಜಿಬಿ ತುಂಬ ನೆಂಟರಿಷ್ಟರ ಶುಭೋದಯದ ಗುಲಾಬಿಗಳು! ಅಳಿಸೋಣವೆಂದರೆ ಸೋದರತ್ತೆಗೆ ಹೇಗೋ ಗೊತ್ತಾಗಿಬಿಡುತ್ತದೆಂಬ ಭಯ. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಗ್ಯಾರೇಜೊಂದರಲ್ಲಿ ಮೊದಲ ಬಾರಿ ಕಲೆತ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನವರೇ ಪುಣ್ಯವಂತರು. ಅವರ ಮುಂದಿದ್ದ ಆಲ್ಟೇರ್ 8800 ಎಂಬ ಕಂಪ್ಯೂಟರಿಗೆ ಬರೀ 256 ಬೈಟ್ ನೆನಪು. ನನ್ನ ಮರೆವಿಗೇ ಅದಕ್ಕಿಂತ ಹೆಚ್ಚು ಜಾಗ ಬೇಕು. ಕೀಲಿಮಣೆಯಿಲ್ಲ, ಪರದೆಯಿಲ್ಲ. ಸ್ವಿಚ್ಚುಗಳನ್ನು ಟಕಟಕ ಎತ್ತಿಳಿಸಿದರೆ ದೀಪ ಮಿನುಗುತ್ತಿತ್ತು, ಅಷ್ಟೆ. ಕರೆಂಟು ಹೋಯಿತೋ, ಮತ್ತೆ ಶ್ರೀಗಣೇಶಾಯ ನಮಃ! ಮುಂದೊಂದು ಸಭೆಯಲ್ಲಿ ಸ್ಟೀವ್ ಡಾಂಪಿಯರ್ ಎಂಬ ಸದಸ್ಯ ಪಕ್ಕದಲ್ಲೊಂದು ರೇಡಿಯೋ ಇಟ್ಟು, ಯಂತ್ರ ಅದರಲ್ಲಿ ಎಬ್ಬಿಸುವ ಗೊರಗೊರದಿಂದಲೇ ಬೀಟಲ್ಸ್ ಹಾಡು ನುಡಿಸಿದ. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತಂತೆ. ನಮ್ಮ ಮಿಕ್ಸಿಯೂ ರೇಡಿಯೋ ಜತೆ ದಿನಾ ಬೆಳಿಗ್ಗೆ ಇಂಥದೇ ಕಛೇರಿ ನಡೆಸುತ್ತದೆ. ಮನೆಯಲ್ಲಿ ಒಬ್ಬರಾದರೂ ತಲೆದೂಗಬೇಡವೇ?